ಡಬ್ಬದ ಮೇಲೆ ಇಲ್ಲದ ಅಂಕಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕೆಂದು ಕಂಪ್ಯೂಟರ್ ಕಟ್ಟಿಸಲು ಹೊರಟವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ದೀಪದ ಬಣ್ಣ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿ ಹೊಕ್ಕರೂ ಮದರ್‌ಬೋರ್ಡಿನ ಗುಣಗಾನ ಶುರುವಾಗುವುದು ಅಲ್ಲಿಂದಲೇ. ಆರ್‌ಜಿಬಿ ಇದೆ ಸಾರ್, ನವೆಂಬರ್ ಒಂದಕ್ಕೆ ಕೆಂಪು-ಹಳದಿ ಮಾಡಿಕೊಳ್ಳಬಹುದು. ಆಮೇಲೆ ಡಬ್ಬದ ಮೇಲಿನ ಡ್ರ್ಯಾಗನ್ನು. ಆಮೇಲೆ ‘ಮಿಲಿಟರಿ ದರ್ಜೆ’ಯ ಬಿಡಿಭಾಗಗಳು. ಭಾವಗೀತೆ ಹಾಡುವವರ ಮನೆಗೆ ಯಾವ ದಿಕ್ಕಿನಿಂದ ಶತ್ರುಸೈನ್ಯ ನುಗ್ಗೀತೆಂದು ಈ ಏರ್ಪಾಡೋ ಗೊತ್ತಿಲ್ಲ; ಇರಲಿ, ಜಾಗ್ರತೆ ಒಳ್ಳೆಯದೇ.

‘ಆಡಿಯೊ ಕೆಲಸಕ್ಕೆ’ ಎಂದು ಬಾಯಿಬಿಟ್ಟಿರೋ, ಇನ್ನೂ ಒಂದು ಮೆಟ್ಟಿಲು ಮೇಲಿನ ಡಬ್ಬ ಕೆಳಗಿಳಿಯುತ್ತದೆ. ಅದರಲ್ಲಿ ರಿಯಲ್‌ಟೆಕ್ ಎಎಲ್‌ಸಿ1220 ಚಿಪ್ಪು, 120 ಡೆಸಿಬಲ್ ಎಂಬ ದಪ್ಪಕ್ಷರ, ಬಂಗಾರದ ಬಣ್ಣದ ಕೆಪಾಸಿಟರ್‌ಗಳ ಸಾಲು. ಬೆಲೆ ಅದಕ್ಕೆ ತಕ್ಕಂತೆ. ಮನೆಗೆ ತಂದು ನೀವು ಮೈಕನ್ನು ಸಿಕ್ಕಿಸುವುದು ಬೇರೆಯಾಗಿ ಕೊಂಡ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ. ಬೋರ್ಡಿನ ಮೇಲಿನ ಆ ಚಿಪ್ಪಿಗೆ ಏನೂ ಕೆಲಸವಿಲ್ಲ. ತಿಳಿದವರು ಬಯಾಸ್ ತೆರೆದು ಮೊದಲು ಮಾಡುವ ಕೆಲಸವೇ ಅದನ್ನು ಆಫ್ ಮಾಡುವುದು. ಆಡಿಯೊಗೆಂದು ಹೆಚ್ಚಿಗೆ ತೆತ್ತ ದುಡ್ಡು ಹೀಗೆ ಮೊದಲ ದಿನವೇ ಸದ್ಗತಿ ಕಾಣುತ್ತದೆ.

ಈಗಿನವರನ್ನು ಮಾತ್ರ ದೂರಬಾರದು. 2002ರಲ್ಲಿ ಎಓಪನ್ ಎಂಬ ಕಂಪನಿ ಮದರ್‌ಬೋರ್ಡಿನ ಮೇಲೆ ಸಾಕ್ಷಾತ್ ಗಾಜಿನ ವಾಲ್ವನ್ನೇ ನೆಟ್ಟು ಮಾರಿತ್ತು. ತಾತನ ರೇಡಿಯೊದಲ್ಲಿ ಬೆಚ್ಚಗೆ ಉರಿಯುತ್ತಿದ್ದ ಅದೇ ಜಾತಿಯ ವಾಲ್ವು, ಪೆಂಟಿಯಮ್ 4ರ ಪಕ್ಕದಲ್ಲಿ. ಧ್ವನಿ ಹೇಗಿತ್ತೋ, ನೋಡಲು ಚೆನ್ನಾಗಿತ್ತು. ಕಿವಿಯ ಸರಕನ್ನು ಕಣ್ಣಿಗೆ ಮಾರುವ ವಿದ್ಯೆ ಅಷ್ಟು ಹಳೆಯದು.

ಇನ್ನು ಲೇಟೆನ್ಸಿ ಭಕ್ತರ ವಿಷಯ. ಮೈಕಿಗೆ ಹಾಡಿದ್ದು ಕಂಪ್ಯೂಟರಿನೊಳಗೆ ಸುತ್ತಿ ಹೆಡ್‌ಫೋನಿಗೆ ಮರಳಲು ಹಿಡಿಯುವ ಹೊತ್ತೇ ಲೇಟೆನ್ಸಿ. ದನಿಯನ್ನು ಸೆಕೆಂಡಿಗೆ 48,000 ಚೂರು ಮಾಡಿ, 64 ಚೂರಿಗೊಂದು ಕಂತು ಕಟ್ಟಿದರೆ, ಒಂದು ಕಂತಿಗೆ 1.33 ಮಿಲಿಸೆಕೆಂಡ್. ಭಕ್ತರಿಗೆ ಇದು ಸಾಲದು, 32ಕ್ಕೆ ಇಳಿಸಬೇಕು. ಅದಕ್ಕಾಗಿ ಬೋರ್ಡು, ಪ್ರೊಸೆಸರು, ರ‍್ಯಾಮು ಎಲ್ಲ ಹೊಸದಾಗಬೇಕು. ಕಂತಿಗೆ ಉಳಿಯುವುದು 0.67 ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಅದು ದಾಟುವುದು ಸರಿಯಾಗಿ ಒಂದು ಗೇಣು. ಕಚೇರಿಯಲ್ಲಿ ಮೃದಂಗದವರು ಗಾಯಕರಿಂದ ಒಂದು ಮೀಟರ್ ಆಚೆ ಕೂತರೆ ಸುಮಾರು 3 ಮಿಲಿಸೆಕೆಂಡ್ ತಡ. ಶತಮಾನಗಳಿಂದ ಅವರು ಹಾಗೇ ಕೂರುತ್ತಿದ್ದಾರೆ. ಲಯ ಕೆಟ್ಟಿತೆಂದು ಯಾರೂ ಚಿಪ್‌ಸೆಟ್ ಬದಲಿಸಲಿಲ್ಲ.

ನಿಜವಾದ ತಂಟೆ ಬೇರೆ. 64 ಚೂರಿನ ಕಂತೆಂದರೆ ಸೆಕೆಂಡಿಗೆ 750 ಗಡುವು. 749 ಸಲ ಹೊತ್ತಿಗೆ ಸರಿಯಾಗಿ ಕೊಟ್ಟು ಒಂದೇ ಒಂದು ಸಲ ತಪ್ಪಿದರೂ ಕಿವಿಯಲ್ಲಿ ‘ಪಟ್’. ಸರಾಸರಿ ಅಮೋಘ, ಟೇಕು ಹಾಳು. ಅಂಗಡಿಯವರು ತೋರಿಸುವ ಬೆಂಚ್‌ಮಾರ್ಕುಗಳು ಹೆಚ್ಚಾಗಿ ಸರಾಸರಿಯ ಕಥೆಯನ್ನೇ ಹೇಳುತ್ತವೆ.

ಆ ಒಂದು ಸಲ ತಪ್ಪುವುದೇಕೆ? ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಝೀರೋ ಟ್ರಾಫಿಕ್. ವೈಫೈ ಡ್ರೈವರು, ಗ್ರಾಫಿಕ್ಸ್ ಡ್ರೈವರು, ವಿದ್ಯುತ್ ನಿರ್ವಹಣೆಯವರು, ಒಬ್ಬೊಬ್ಬರೂ ಸೈರನ್ ಹಾಕಿಕೊಂಡು ಬಂದು ಪ್ರೊಸೆಸರಿನ ರಸ್ತೆ ಖಾಲಿ ಮಾಡಿಸುತ್ತಾರೆ. ಸಾಹೇಬರು ಹಾದುಹೋಗುವವರೆಗೆ ನಿಮ್ಮ ಹಾಡಿನ ಕಂತು ಸಿಗ್ನಲ್ಲಿನಲ್ಲಿ ನಿಲ್ಲಬೇಕು. ಡಿಪಿಸಿ ಎಂಬ ಈ ಸವಾರಿ 100 ಮೈಕ್ರೊಸೆಕೆಂಡ್ ಮೀರಬಾರದೆಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳಿಟ್ಟಿದೆ. ಹೇಳಿಟ್ಟಿದೆ, ಅಷ್ಟೇ, ಮೀರಿದವರಿಗೆ ದಂಡವಿಲ್ಲ. ಇವರೆಲ್ಲರಿಗಿಂತ ದೊಡ್ಡವರು ಬಯಾಸಿನೊಳಗಿದ್ದಾರೆ. ಎಸ್‌ಎಂಐ ಎಂಬ ಅವರ ಸವಾರಿ ಬಂದರೆ ವಿಂಡೋಸಿಗೇ ಸುದ್ದಿ ಇರುವುದಿಲ್ಲ. ಅದು ನಿಂತಲ್ಲೇ ನಿಂತಿರುತ್ತದೆ, ಎಷ್ಟು ಹೊತ್ತು ನಿಂತೆನೆಂಬ ಅರಿವೂ ಇಲ್ಲದೆ. ಬಯಾಸ್ ಬರೆಸಿದವರು ಮದರ್‌ಬೋರ್ಡಿನ ಕಂಪನಿಯವರೇ. ಆದರೂ ‘ನಮ್ಮ ಬೋರ್ಡು ನಿಮ್ಮ ಹಾಡನ್ನು ಅತಿ ಹೆಚ್ಚೆಂದರೆ ಇಷ್ಟು ಮೈಕ್ರೊಸೆಕೆಂಡ್ ತಡೆದೀತು’ ಎಂಬ ಒಂದು ಸಾಲಿಗೆ ಡಬ್ಬದ ಮೇಲೆ ಜಾಗವಿಲ್ಲ. ಡ್ರ್ಯಾಗನ್ನಿನ ಬಾಲ ತುಸು ಉದ್ದ.

ಈ ಮೌನಕ್ಕೆ ಒಳ್ಳೆಯ ಇತಿಹಾಸವಿದೆ. 2001ರ ಸುಮಾರಿಗೆ ವಿಯಾ ಕಂಪನಿಯ 686ಬಿ ಚಿಪ್ಪಿಗೂ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿಗೂ ಜಾತಕ ಕೂಡಲಿಲ್ಲ. ಸ್ಪೀಕರಿನಲ್ಲಿ ಚಟಪಟ, ಡಿಸ್ಕಿನಲ್ಲಿ ಕೆಟ್ಟ ಫೈಲು. ಫೈರ್‌ವೈರ್ ಕಾಲದಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿದ್ದರೆ ಮಾತ್ರ ನಂಬಿ ಎಂದು ಇಂಟರ್‌ಫೇಸ್ ತಯಾರಕರೇ ಹೇಳುತ್ತಿದ್ದರು. ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಮಾತ್ರ ‘ಫೈರ್‌ವೈರ್: ಇದೆ’ ಎಂದಷ್ಟೇ ಇರುತ್ತಿತ್ತು. ಯಾರ ಚಿಪ್ಪೆಂದು ತಿಳಿಯಬೇಕಾದರೆ ಮೊದಲು ದುಡ್ಡು ಎಣಿಸಬೇಕು. 2021ರಲ್ಲಿ ಎಎಂಡಿಯ 500 ಸರಣಿಯ ಚಿಪ್‌ಸೆಟ್ಟುಗಳಲ್ಲಿ ಯುಎಸ್‌ಬಿ ಸಂಪರ್ಕ ಕಳಚಿಕೊಳ್ಳುತ್ತಿತ್ತು, ಆಡಿಯೊ ಚಟಪಟ ಅನ್ನುತ್ತಿತ್ತು. ಕಂಪನಿ ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಕೊಟ್ಟಿತು, ಅದಕ್ಕೆ ಶಭಾಸ್. ಅಷ್ಟರೊಳಗೆ ಎಷ್ಟು ಜನ ತಪ್ಪು ಕೇಬಲ್ಲಿನದೆಂದು ಹೊಸ ಕೇಬಲ್ ಕೊಂಡರೋ, ಲೆಕ್ಕ ಇಟ್ಟವರಿಲ್ಲ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಮೊದಲ ಉಪಾಯಕ್ಕೆ ಕಾಸಿನ ಖರ್ಚಿಲ್ಲ, ಆದ್ದರಿಂದ ಯಾರೂ ಹೇಳಿಕೊಡುವುದಿಲ್ಲ. ಬರೀ ದನಿ ರೆಕಾರ್ಡ್ ಮಾಡುವವರು ಇಂಟರ್‌ಫೇಸಿನ ಮೇಲಿರುವ ‘ಡೈರೆಕ್ಟ್ ಮಾನಿಟರ್’ ಗುಂಡಿಯನ್ನು ತಿರುಗಿಸಿದರೆ ಸಾಕು. ನಿಮ್ಮ ಸ್ವರ ಕಂಪ್ಯೂಟರಿಗೆ ಹೋಗಿ ಬರುವ ಗೊಡವೆಯಿಲ್ಲದೆ ನೇರ ನಿಮ್ಮ ಕಿವಿಗೆ ಬರುತ್ತದೆ. ಆಮೇಲೆ ಕಂತನ್ನು 512ಕ್ಕೆ ಏರಿಸಿ ನೆಮ್ಮದಿಯಾಗಿ ಹಾಡಿ. ಚಿಪ್‌ಸೆಟ್ಟಿನ ಚಿಂತೆ ನಿಜವಾಗಿ ಬೇಕಾದದ್ದು ಕೀಬೋರ್ಡ್ ಒತ್ತಿ ಸಾಫ್ಟ್‌ವೇರಿನ ವೀಣೆ ನುಡಿಸುವವರಿಗೆ, ಗಿಟಾರನ್ನು ಸಾಫ್ಟ್‌ವೇರ್ ಆಂಪ್ಲಿಫೈಯರಿನ ಮೂಲಕ ಕೇಳುವವರಿಗೆ.

ಅಂಥವರಿಗೆ ಎರಡನೆಯ ಉಪಾಯ. ಲೇಟೆನ್ಸಿಮಾನ್ ಎಂಬ ಪುಟ್ಟ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಯಾವ ಡ್ರೈವರು ಎಷ್ಟು ಹೊತ್ತು ರಸ್ತೆ ತಡೆಯಿತೆಂದು ಅದು ಹೆಸರು ಹಿಡಿದು ಹೇಳುತ್ತದೆ. ‘ಈ ಬೋರ್ಡಿನ ಮೇಲೆ ಅರ್ಧ ಗಂಟೆ ಓಡಿಸಿ ನೋಡುತ್ತೇನೆ, ಆಮೇಲೆ ದುಡ್ಡು’ ಎನ್ನಿ. ಅಂಗಡಿಯವರು ಒಮ್ಮೆ ನಿಮ್ಮನ್ನು, ಒಮ್ಮೆ ಗಡಿಯಾರವನ್ನು ನೋಡಿ, “ಇಲ್ಲೀ ತನಕ ಯಾರೂ ಹೀಗೆ ಕೇಳಿಲ್ಲ ಸಾರ್” ಅನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ಡಬ್ಬ ಅಚ್ಚು ಹಾಕಿಸುವವರಿಗೂ ಅದು ಚೆನ್ನಾಗಿ ಗೊತ್ತು.