ಹೆಸರು ಕೊನೆಗೆ ಹೇಳುವ ತಾತ

ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕಡೆ ಬೀದಿಗೊಬ್ಬರಾದರೂ ಈ ತಾತ ಇದ್ದಾರೆ. 30-40 ಸೈಟಿನಲ್ಲಿ ಸ್ವಂತ ಮನೆ, ಮೇಲೆ ಎರಡು ಬಾಡಿಗೆ, ಎಡಗೈಯಲ್ಲಿ ಎಚ್‌ಎಂಟಿ ವಾಚು. ಕೆಲಸ ಮಾಡಿದ್ದೂ ಅದೇ ಫ್ಯಾಕ್ಟರಿಯಲ್ಲಿ. ವಿಆರ್‌ಎಸ್ ದುಡ್ಡಿನಲ್ಲಿ ಪೀಣ್ಯ ಎರಡನೇ ಹಂತದಲ್ಲಿ ಎರಡು ಲೇತ್ ಹಾಕಿಕೊಂಡು ಜಾಬ್ ವರ್ಕ್ ಮಾಡಿಸಿದವರು. ಹತ್ತು ಮೈಕ್ರಾನ್ ಹೆಚ್ಚುಕಡಿಮೆಯಾದರೂ ಪೀಸನ್ನು ಪಕ್ಕಕ್ಕೆಸೆಯುತ್ತಿದ್ದ ಈ ಮನುಷ್ಯ, ತನ್ನ ಪರಿಚಯ ಹೇಳಿಕೊಳ್ಳಲು ನಿಂತರೆ ಮಾತ್ರ ಯಾವ ಅಳತೆಗೂ ಸಿಗುವುದಿಲ್ಲ.

ಈಗ ಫಜೀತಿಗಿಟ್ಟುಕೊಂಡಿರುವುದು ಅಲ್ಲೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ಮೊಮ್ಮಗಳಿಗೆ ವೈಟ್‌ಫೀಲ್ಡಿನ ಹುಡುಗ, ಮದುವೆ ಗೋಕರ್ಣದ ರೆಸಾರ್ಟಿನಲ್ಲಿ. ಡೆಸ್ಟಿನೇಷನ್ ವೆಡ್ಡಿಂಗ್ ಅಂದಾಗ ತಾತ ಬೆಚ್ಚಲಿಲ್ಲ. “ಅದರಲ್ಲೇನು ಹೊಸದು? ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ಮಾಡಿಸ್ತಿದ್ದಾರೆ. ಎಲ್ಲೆಲ್ಲಿಂದಲೋ ಹೋಗಿ ತಾಳಿ ಕಟ್ಟಿ, ಊಟ ಮಾಡ್ಕೊಂಡು ಬರ್ತಾರೆ. ನಿಮ್ಮದರಲ್ಲಿ ಡ್ರೋನ್ ಒಂದು ಜಾಸ್ತಿ.”

ಬೆಚ್ಚಿದ್ದು ಪ್ಲ್ಯಾನರ್ ಹುಡುಗಿಯ ಮೆಸೇಜಿಗೆ. ಎರಡೂ ಕಡೆಯ ಅಜ್ಜ-ಅಜ್ಜಿಯರು ತಲಾ 30 ಸೆಕೆಂಡಿನ ವಿಡಿಯೋ ಕಳಿಸಬೇಕಂತೆ: ಹೆಸರು, ಮದುಮಕ್ಕಳಿಗೆ ಏನಾಗಬೇಕು, ಜೊತೆಗೆ ತಮ್ಮ ಬಗ್ಗೆ ಒಂದು ‘ಫನ್ ಫ್ಯಾಕ್ಟ್’.

ತಾತ ಇಸ್ತ್ರಿ ಶರ್ಟು ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ಕೂತರು. “ನಮಸ್ಕಾರ. ನಮ್ಮದು ಮೂಲ ಮಾಗಡಿ ತಾಲ್ಲೂಕು, ಕುದೂರು ಹೋಬಳಿ. ನಮ್ಮ ತಾತನವರು ಮೂರು ಜನ ಅಣ್ಣತಮ್ಮಂದಿರು...” 30ನೇ ಸೆಕೆಂಡಿಗೆ ಅಣ್ಣತಮ್ಮಂದಿರ ಪಾಲುಪಾರಿಕತ್ತು ನಡೆಯುತ್ತಿತ್ತು, ಈ ತಾತ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿ, ಎಸ್ಸೆಸ್ಸೆಲ್ಸಿ ಪಾಸಾಗುವಷ್ಟರಲ್ಲಿ ಮೂರು ನಿಮಿಷ. ನಾಲ್ಕನೆಯದರಲ್ಲಿ 1961, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಜಾಲಹಳ್ಳಿಯಲ್ಲಿ ವಾಚ್ ಫ್ಯಾಕ್ಟರಿ. “ಆಮೇಲೆ ತುಮಕೂರಿನಲ್ಲೂ ಒಂದು ಮಾಡಿದರು” ಎನ್ನುವಾಗ ದನಿಯಲ್ಲಿ ಸವತಿಯ ಸುದ್ದಿ ಹೇಳುವ ಧಾಟಿ. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿದ್ದು ಈ ಚರಿತ್ರೆಯಲ್ಲಿ ಬರುವುದಿಲ್ಲ. ತಾತನ ಲೆಕ್ಕದಲ್ಲಿ ಫಸ್ಟ್ ಶಿಫ್ಟಿನ ಸೈರನ್ ಇನ್ನೂ ಕೂಗುತ್ತಿದೆ. ಅವರ ಹೆಸರು ಬಂದಿದ್ದು ಏಳನೇ ನಿಮಿಷದಲ್ಲಿ, ಅದೂ ಅಜ್ಜಿ ಪಕ್ಕದಿಂದ ತಿವಿದ ಮೇಲೆ.

ತಾತನನ್ನು ಬಡಾಯಿಕೋರ ಅನ್ನುವ ಹಾಗಿಲ್ಲ. ಹೆಸರು ತಿಳಿದು ಏನಾಗಬೇಕು, ಯಾರ ಪೈಕಿ ಅಂತ ತಿಳಿಯಬೇಕು ಎನ್ನುವ ಕಾಲದವರು. ಒಂದೊಂದು ಊರಿನ ಹೆಸರು ಹೇಳಿದಾಗಲೂ ಸ್ವಲ್ಪ ತಡೆಯುತ್ತಾರೆ. ಎದುರಿಗಿದ್ದವರು “ಅಯ್ಯೋ, ಕುದೂರಾ! ನಮ್ಮ ಚಿಕ್ಕಮ್ಮನ್ನ ಕೊಟ್ಟಿರೋದು ಅಲ್ಲಿಗೇ” ಅಂದರೆ ಪರಿಚಯ ಮುಗಿಯಿತು, ಮುಂದಿನದು ಕಾಫಿ. ಮೊಬೈಲು ಹಾಗೆ ಅನ್ನುವುದಿಲ್ಲ. ಅದಕ್ಕೇ ಏಳು ನಿಮಿಷ.

ಅಜ್ಜಿಯದು ಒಂಬತ್ತೇ ಸೆಕೆಂಡು. “ನಾನು ಇವರ ಮನೆಯವಳು. ಮಕ್ಕಳು ಚೆನ್ನಾಗಿರಲಿ. ಎಲ್ಲರೂ ಊಟ ಮಾಡ್ಕೊಂಡೇ ಹೋಗಬೇಕು.” ಅದೇ ಫ್ಯಾಕ್ಟರಿಯ ಅಸೆಂಬ್ಲಿಯಲ್ಲಿ ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಕೂರಿಸುತ್ತ ಸರ್ವೀಸು ಮುಗಿಸಿದ್ದನ್ನು ಹೇಳಲೇ ಇಲ್ಲ. ಕೇಳಿದ್ದಕ್ಕೆ, “ಅದೇನು ತಮಾಷೆ ವಿಷಯವಾ?” ಅಂದರು.

ಪ್ಲ್ಯಾನರ್ ಕೈಚೆಲ್ಲಿ ವಿಡಿಯೋ ಕಾಲ್ ಏರ್ಪಡಿಸಿದಳು. ಆ ಕಡೆ ಗದಗ ಸೀಮೆಯ ನಿವೃತ್ತ ಹೆಡ್‌ಮಾಸ್ತರರು, ಈಗ ವೈಟ್‌ಫೀಲ್ಡಿನಲ್ಲಿ ಮಗನ ಫ್ಲ್ಯಾಟಿನಲ್ಲಿ ವಾಸ. ಊರಲ್ಲಿ ನಾಲ್ಕು ಓಣಿಗೆ ‘ಸರ್’ ಆಗಿದ್ದವರು ಇಲ್ಲಿ ಸೆಕ್ಯೂರಿಟಿಯವರ ಬಾಯಲ್ಲಿ ‘ಸಿ ಬ್ಲಾಕ್ 1403’. ಅವರಿಗೂ ಪರಿಚಯ ಹೇಳಿಕೊಳ್ಳುವ ಹಸಿವು ಜೋರಾಗಿಯೇ ಇತ್ತು.

“ನಾವು ಮೂಲ ರೋಣ ತಾಲೂಕಿನವರ್ರೀ, ಬೀಗರ.”

“ರೋಣವಾ? ನಮ್ಮ ಸೆಕ್ಷನ್ನಿನಲ್ಲಿ ಹುಬ್ಬಳ್ಳಿಯವರೊಬ್ಬರಿದ್ದರು.”

“ಹುಬ್ಬಳ್ಳ್ಯಾಗ ಯಾವ ಓಣ್ಯಾವರ್ರೀ?”

ಓಣಿ ಗೊತ್ತಿರಲಿಲ್ಲ. ಮಾಗಡಿಯಿಂದ ಒಬ್ಬರು, ರೋಣದಿಂದ ಒಬ್ಬರು ಹೊರಟು ತುಮಕೂರು, ದಾವಣಗೆರೆ, ಹರಿಹರ ಎಲ್ಲ ತಡಕಿದರೂ ಒಬ್ಬ ನೆಂಟ ಸಿಗಲಿಲ್ಲ. ಮದುಮಗಳು ಕ್ಯಾಮೆರಾ ಆಫ್ ಮಾಡಿ ಆಫೀಸಿನ ಕೆಲಸ ಶುರುಮಾಡಿದಳು.

ಆಗ ಅಜ್ಜಿ ಸ್ಕ್ರೀನಿನ ಹತ್ತಿರಕ್ಕೆ ಮುಖ ತಂದರು. “ಬೀಗರೇ, ನಿಮ್ಮ ಕೈಲಿರೋದು ಎಚ್‌ಎಂಟಿ ಅಲ್ವಾ?”

“ಹೌದ್ರೀ! ಹೆಡ್‌ಮಾಸ್ತರ ಆದಾಗ ತೊಗೊಂಡದ್ದು, 1982ರಾಗ. ಇನ್ನೂ ನಡೀತೈತಿ ನೋಡ್ರಿ.”

ತಾತ ಕುರ್ಚಿಯಿಂದ ಅರ್ಧ ಎದ್ದರು. ನೆಂಟಸ್ತನ ಸಿಕ್ಕಿತ್ತು!

“ದಿನಕ್ಕ ಒಂದೆರಡು ನಿಮಿಷ ಹಿಂದ ಬೀಳ್ತೈತಿ, ಅಷ್ಟ” ಅಂತ ಸೇರಿಸಿದರು ಮಾಸ್ತರರು.

“ಹಿಂದೆ ಬೀಳುತ್ತಾ?” ಅಜ್ಜಿ ಲೂಪ್ ಹಾಕುವ ಕಣ್ಣನ್ನೇ ಕಿರಿದು ಮಾಡಿದರು. “ಹಾಗಾದ್ರೆ ನಮ್ಮದಲ್ಲ ಬಿಡಿ. ಅದು ತುಮಕೂರಿನದು.”