ಬೀಗರ ಪಟ್ಟಿ

ವರ್ಷದ ಹತ್ತು ಶ್ರೇಷ್ಠ ಸಿನಿಮಾ ಯಾವುವೆಂದು ಪಟ್ಟಿ ಮಾಡುವವರು ಯಾವ ಊರಲ್ಲಿಲ್ಲ? ಆದರೆ ಪಟ್ಟಿಯ ಸಲುವಾಗಿ ಬಸ್ಸು ಹತ್ತಿ ರಾಜ್ಯ ದಾಟುವವರನ್ನು ನೋಡಬೇಕೆಂದರೆ ಅನಂತಪುರದ ನಮ್ಮ ಗಡಿ ಸೀಮೆಗೇ ಬರಬೇಕು. ಕನ್ನಡ ಸಿನಿಮಾ ಇಲ್ಲಿಗೆ ಬರುವಾಗ ಸಾಮಾನ್ಯವಾಗಿ ತೆಲುಗು ಕಲಿತುಕೊಂಡೇ ಬರುತ್ತದೆ. ತೆಲುಗು ಸಿನಿಮಾ ಮಾತ್ರ ಬಳ್ಳಾರಿಗೆ ಹೋದರೂ ಪಾವಗಡಕ್ಕೆ ಹೋದರೂ ತೆಲುಗಾಗಿಯೇ ಇರುತ್ತದೆ. ಈ ಅನ್ಯಾಯ ಸರಿಪಡಿಸುವ ಹೊಣೆ ಹೊತ್ತವರು ಊರಿಗೊಬ್ಬರಾದರೂ ಇದ್ದಾರೆ. ನಾನು ಹೇಳಹೊರಟಿರುವುದು ಇಬ್ಬರ ವಿಷಯ. ಒಬ್ಬರು ರಾಯದುರ್ಗದವರು, ಇನ್ನೊಬ್ಬರು ಮಡಕಶಿರಾದವರು. ರಾಯದುರ್ಗದವರ ಮಗಳನ್ನು ಮಡಕಶಿರಾದವರ ಮಗನಿಗೆ ಕೊಟ್ಟಿದೆ. ಬೀಗರಾದ್ದರಿಂದ ಇಷ್ಟು ವರ್ಷದ ಜಗಳದಲ್ಲಿ ಒಂದು ಸಲವೂ ಏಕವಚನ ನುಸುಳಿಲ್ಲ. "ತಪ್ಪು ತಿಳ್ಕಾಬೇಡಿ ಬೀಗರೇ" ಎಂದು ಶುರುವಾಗುವ ಮಾತು ಎಲ್ಲಿಗೆ ಮುಟ್ಟುತ್ತದೆ ಎಂದು ಎರಡೂ ಮನೆಯ ಹೆಂಗಸರಿಗೆ ಗೊತ್ತು. ಅದನ್ನು ಕೇಳಿದ ತಕ್ಷಣ ಅವರು ಎಲೆ ಹಾಕುವುದನ್ನು ಅರ್ಧ ಗಂಟೆ ಮುಂದಕ್ಕೆ ಹಾಕುತ್ತಾರೆ.

ರಾಯದುರ್ಗದ ಬೀಗರದು ಜೀನ್ಸ್ ಹೊಲಿಸುವ ಕಸುಬು. ಅವರ ಪೀಸ್ ಲೆಕ್ಕದ ಉದ್ದ ಪುಸ್ತಕ ಮುಂದಿನಿಂದ ಪ್ಯಾಂಟಿಗೆ, ಹಿಂದಿನಿಂದ ಸಿನಿಮಾಕ್ಕೆ. ಸಿನಿಮಾಕ್ಕೆಂದು ಬೇರೆ ಗೆರೆ ಎಳೆದಿಲ್ಲ. ಬಂದದ್ದು, ಪಾಸು, ರಿಜೆಕ್ಟು, ಆಲ್ಟರು ಎಂಬ ಅವೇ ಕಾಲಂಗಳು. ಕೊನೆಯಲ್ಲಿ ಷರಾ. 2022ರ ಪುಟವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ‘ವಿಕ್ರಾಂತ್ ರೋಣ’ ಆಲ್ಟರಿನಲ್ಲಿತ್ತು: "ಬಟ್ಟೆ ಒಳ್ಳೇದು, ಫಿಟಿಂಗ್ ಇಲ್ಲ." ‘ಆರ್‌ಆರ್‌ಆರ್’ ಪಾಸಾಗಿತ್ತು: "ಉದ್ದ ಜಾಸ್ತಿ, ಮಡಚಿ ಹೊಲಿದರೆ ಆಗುತ್ತೆ." ‘ಜೇಮ್ಸ್’ ಎದುರಿಗೆ ಯಾವ ಕಾಲಂನಲ್ಲೂ ಗುರುತಿರಲಿಲ್ಲ. ಕೇಳಿದ್ದಕ್ಕೆ, "ಅಪ್ಪು ಪಿಕ್ಚರಿಗೆ ಲೆಕ್ಕ ಬರೀತಾರೇನ್ರೀ?" ಎಂದು ಪುಟ ತಿರುಗಿಸಿಬಿಟ್ಟರು.

ಮಡಕಶಿರಾದ ಬೀಗರು ನಿವೃತ್ತ ಮೇಷ್ಟರು. ಅಗಳಿ, ರೊಳ್ಳ, ಅಮರಾಪುರದ ಕಡೆ ಆಂಧ್ರ ಸರ್ಕಾರದ ಕನ್ನಡ ಮಾಧ್ಯಮ ಶಾಲೆಗಳಿವೆಯಲ್ಲ, ಅಂಥಲ್ಲಿ ಪಾಠ ಹೇಳಿ, ರಜೆ ಅರ್ಜಿಯನ್ನು ತೆಲುಗಿನಲ್ಲೂ ಸಂಧಿ ಸಮಾಸವನ್ನು ಕನ್ನಡದಲ್ಲೂ ಮುಗಿಸಿದವರು. ಸಿನಿಮಾಕ್ಕೂ ಮಾರ್ಕ್ಸ್ ಹಾಕುತ್ತಾರೆ. ಕಥೆಗೆ 30, ನಟನೆಗೆ 30, ಹಾಡಿಗೆ 10, ನೀತಿಗೆ 10. ಉಳಿದ 20 ಇಂಟರ್ನಲ್. ಈ ಇಂಟರ್ನಲ್ ಯಾವ ಆಧಾರದ ಮೇಲೆ ಎಂದು ಕೇಳುವ ಹಾಗಿಲ್ಲ. ಕೇಳಿದವರಿಗೆ ಮೇಷ್ಟರ ನೋಟ ಒಂದೇ ಉತ್ತರ.

ಇಬ್ಬರಿಗೂ ಒಪ್ಪಿಗೆಯಾದ ಕಾನೂನು ಒಂದೇ ಒಂದು: ಕನ್ನಡ ಸಿನಿಮಾವನ್ನು ಕನ್ನಡದಲ್ಲೇ ನೋಡಿರಬೇಕು, ಡಬ್ಬಿಂಗ್ ನೋಡಿ ಬಂದವರ ಮಾತಿಗೆ ಬೆಲೆಯಿಲ್ಲ. ಈ ಕಾನೂನಿನಿಂದ ರಾಯದುರ್ಗದವರು ಬಳ್ಳಾರಿಗೆ, ಮಡಕಶಿರಾದವರು ಪಾವಗಡಕ್ಕೋ ಶಿರಾಕ್ಕೋ ಹೋಗಬೇಕಾಯಿತು. ‘ಕಾಂತಾರ’ ಕನ್ನಡದಲ್ಲಿ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ತೆಲುಗಿನಲ್ಲಿ ಬಂದದ್ದು ಅಕ್ಟೋಬರ್ 15ಕ್ಕೆ. ನಡುವಿನ ಆ ಎರಡು ವಾರ ರಾಯದುರ್ಗದ ಬೀಗರ ಜೀವನದ ಸುವರ್ಣಯುಗ. ಊರಿನಲ್ಲಿ ಆ ಸಿನಿಮಾ ನೋಡಿದವರು ಬೆರಳೆಣಿಕೆಯಷ್ಟು, ಕಥೆ ಕೇಳುವವರು ಊರು ತುಂಬ. ಉಗ್ಗಾಣಿ ಬಜ್ಜಿ ಅಂಗಡಿಯ ಮುಂದೆ ನಿಂತು ಕೊನೆಯ ಇಪ್ಪತ್ತು ನಿಮಿಷವನ್ನು ಅಭಿನಯಿಸಿ ತೋರಿಸುತ್ತಿದ್ದರು. ಮೊದಲ ದಿನ ದೈವದ ಕೂಗು ಹಾಕಿದಾಗ ಬಾಣಲೆಯವನ ಕೈಯಿಂದ ಜರಡಿ ಸೌಟು ಬಿತ್ತು. ಅಕ್ಟೋಬರ್ 16ರ ಬೆಳಿಗ್ಗೆ ಅದೇ ಕೂಗನ್ನು ಮೀಸೆ ಮೂಡದ ಹುಡುಗರೆಲ್ಲ ತೆಲುಗಿನವರ ಗಂಟಲಿನಲ್ಲಿ ಹಾಕತೊಡಗಿದರು. ಬೀಗರು ಬಜ್ಜಿ ಕಟ್ಟಿಸಿಕೊಂಡು ಮನೆಗೆ ಹೋದರು.

ಆದರೂ ಪಟ್ಟಿಯಲ್ಲಿ ‘ಕಾಂತಾರ’ ಒಂದನೆಯದು ಎಂದು ಅವರು ಬರೆದಾಗಿತ್ತು. ಮಡಕಶಿರಾದಲ್ಲಿ ಒಂದನೆಯದು ‘ಕೆ.ಜಿ.ಎಫ್ 2’. ಅದಕ್ಕೆ ಕಾರಣ ಕೇಳಿದರೆ ಮೇಷ್ಟರು ಚಿತ್ರಕಥೆಯಿಂದ ಶುರು ಮಾಡುವುದಿಲ್ಲ, ಭೂಗೋಳದಿಂದ ಶುರು ಮಾಡುತ್ತಾರೆ. ಪ್ರಶಾಂತ್ ನೀಲ್ ಅವರ ಮೂಲ ಊರು ಮಡಕಶಿರಾ ಹತ್ತಿರದ ನೀಲಕಂಠಾಪುರ. ‘ಉಗ್ರಂ’ 2014ರಲ್ಲಿ ಬಂದಾಗಲೇ ಮೇಷ್ಟರು ಇದನ್ನು ಪತ್ತೆ ಹಚ್ಚಿದ್ದರಂತೆ. ಅಂದಿನಿಂದ ಆ ನಿರ್ದೇಶಕರ ಸಿನಿಮಾಕ್ಕೆ ಇಂಟರ್ನಲ್ 20ಕ್ಕೆ 20.

ಈ ವಾದ ಕಾವೇರಿದ್ದು 2023ರ ಜನವರಿಯಲ್ಲಿ, ಮೊಮ್ಮಗುವಿನ ತೊಟ್ಟಿಲು ಶಾಸ್ತ್ರದ ದಿನ. ಒಳಗೆ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಹಿತ್ತಿಲಲ್ಲಿ ಇಬ್ಬರು ಅಜ್ಜಂದಿರು ಒಂದೇ ಹಗ್ಗದ ಮಂಚದ ಎರಡು ತುದಿಗೆ ಕೂತು, ನಡುವೆ ಪೀಸ್ ಪುಸ್ತಕವನ್ನೂ ಮಾರ್ಕ್ಸ್ ಹಾಳೆಯನ್ನೂ ಇಟ್ಟುಕೊಂಡಿದ್ದರು.

"ತಪ್ಪು ತಿಳ್ಕಾಬೇಡಿ ಬೀಗರೇ, ಊರಿನವರು ಅಂತ ಇಪ್ಪತ್ತು ಮಾರ್ಕ್ಸ್ ಕೊಟ್ಟರೆ ಅದು ಕಾಪಿ ಹೊಡೆಸಿದಂಗೆ ಅಲ್ವಾ?"

"ಆಗಸ್ಟ್‌ನಾಗೆ ಊರಿಗೆ ಬಂದು, ತಂದೆ ಹೆಸರಿಗೆ ಅಂತ ಕಣ್ಣಾಸ್ಪತ್ರೆಗೆ 50 ಲಕ್ಷ ಕೊಟ್ಟು ಹೋದರು. ಗೊತ್ತಾ ನಿಮಗೆ?"

"ಕಣ್ಣಾಸ್ಪತ್ರೆಗೂ ಸಿನಿಮಾಕ್ಕೂ ಏನು ಸಂಬಂಧ?"

"ಕಣ್ಣೇ ಇಲ್ಲದಿದ್ದರೆ ಸಿನಿಮಾ ಎದರಾಗೆ ನೋಡ್ತೀರಿ ಬೀಗರೇ?"

ಇದಕ್ಕೆ ರಾಯದುರ್ಗದಲ್ಲಿ ಉತ್ತರವಿರಲಿಲ್ಲ. ಅವರು ಬೇರೆ ದಾರಿ ಹಿಡಿದರು. ಊರು ನೋಡಿ ಲೆಕ್ಕ ಹಾಕುವುದಾದರೆ ರಾಜಮೌಳಿ ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ, ಜೂನಿಯರ್ ಎನ್‌ಟಿಆರ್ ತಾಯಿಯ ತವರು ಕುಂದಾಪುರದ ಕಡೆ. ಹಾಗಾದರೆ ‘ಆರ್‌ಆರ್‌ಆರ್’ ಕನ್ನಡದ ಖಾತೆಗೆ ಬರಬೇಕು, ‘ಕೆ.ಜಿ.ಎಫ್’ ಆಂಧ್ರದ ಖಾತೆಗೆ ಹೋಗಬೇಕು. ಈ ಜಮಾ-ಖರ್ಚು ಮಂಚದ ಮೇಲೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಾದರು. ಯಾಕೆಂದರೆ ಇಬ್ಬರಿಗೂ ಅದು ಬೇಕಿರಲಿಲ್ಲ. ಕನ್ನಡದ ಸಿನಿಮಾ ಯಾವುದು, ತೆಲುಗಿನದು ಯಾವುದು ಎಂದು ಬೆಂಗಳೂರು, ಹೈದರಾಬಾದಿನವರು ಸಲೀಸಾಗಿ ಹೇಳಿಬಿಡುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಿಟ್ಟು ಬಂದಾಗ ಸಿಕ್ಕಿದ್ದು ಎಂದು ಬದುಕುವವರಿಗೆ ಅದು ಅಷ್ಟು ಸುಲಭದ ಬಾಬತ್ತಲ್ಲ.

ಕೊನೆಗೆ ರಾಯದುರ್ಗದವರು ಬ್ರಹ್ಮಾಸ್ತ್ರ ತೆಗೆದರು. 2022ರ ಏಪ್ರಿಲ್ 4ಕ್ಕೆ ಆಂಧ್ರದಲ್ಲಿ ಹೊಸ ಜಿಲ್ಲೆಗಳಾದವು. ಮಡಕಶಿರಾ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ‘ಕೆ.ಜಿ.ಎಫ್ 2’ ಬಂದದ್ದು ಏಪ್ರಿಲ್ 14ಕ್ಕೆ.

"ಅಂದರೆ ನಿಮ್ಮ ಪಿಕ್ಚರು ಬರೋ ಹೊತ್ತಿಗೆ ನೀವು ನಮ್ಮ ಜಿಲ್ಲೇಲಿ ಇರಲಿಲ್ಲ. ಅನಂತಪುರದ ಪಟ್ಟಿಗೆ ಅದು ಬರಂಗಿಲ್ಲ."

ಅನಂತಪುರ ಜಿಲ್ಲೆಗೆ ಅಂಥದೊಂದು ಪಟ್ಟಿ ಇದೆ ಎಂಬುದು ಕಲೆಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಮೇಷ್ಟರಿಗೆ ಮಾತು ನಾಟಿತು. "ನಾವು ಮೊದಲಿಂದ ಅನಂತಪುರದವರು. ನೀವು 1953ರ ತನಕ ಬಳ್ಳಾರಿ ಜಿಲ್ಲೆಯವರು. ಬಾಡಿಗೆಗೆ ಬಂದೋರು ಮನೆಯವರನ್ನ ಎಬ್ಬಿಸ್ತೀರಲ್ಲ!" ಎಂದರು. ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿಯಿಂದ ಕಳಚಿ ಆಚೆ ಹೋದದ್ದು ನಿಜವೇ. ಸಿನಿಮಾ ಚರ್ಚೆಯಲ್ಲಿ ಅದು ಬಂದದ್ದು ಮಾತ್ರ ಇದೇ ಮೊದಲಿರಬೇಕು.

ಅಷ್ಟು ಹೊತ್ತಿಗೆ ಹಿಂದೂಪುರದ ನೆಂಟರೊಬ್ಬರು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು. ಬಾಲಕೃಷ್ಣ ಅವರ ಊರಿನ ಶಾಸಕರು, ಆ ಮನೆಯ ದೇವರು. ದುರದೃಷ್ಟಕ್ಕೆ 2022ರಲ್ಲಿ ಬಾಲಯ್ಯನ ಒಂದು ಸಿನಿಮಾವೂ ಬಿಡುಗಡೆಯಾಗಿರಲಿಲ್ಲ. ‘ಅಖಂಡ’ ಹಿಂದಿನ ಡಿಸೆಂಬರಿಗೆ, ‘ವೀರ ಸಿಂಹಾರೆಡ್ಡಿ’ ಮುಂದಿನ ಜನವರಿಗೆ. ಅವರ ವಾದ ಇಷ್ಟೇ: ‘ಅಖಂಡ’ ಸಂಕ್ರಾಂತಿವರೆಗೂ ಓಡಿತಲ್ಲ, ಅಲ್ಲಿಗೆ ಅದು 2022ರದ್ದೂ ಹೌದು. ಒಬ್ಬರನ್ನೊಬ್ಬರು ಸೋಲಿಸಲಾರದ ಬೀಗರು ಆಗ ಮೊದಲ ಸಲ ಒಂದಾಗಿ ಆ ನೆಂಟರನ್ನು ಊಟಕ್ಕೆ ಎಬ್ಬಿಸಿದರು.

ಮಗಳು, ಅಂದರೆ ಸೊಸೆ, ಎರಡು ಸಲ ಬಂದು ಕರೆದು ಹೋಗಿದ್ದಳು. ಅವಳು ಆ ವರ್ಷ ಪೂರ್ತಿ ನೋಡಿದ್ದು ‘ಸೀತಾ ರಾಮಂ’ ಒಂದನ್ನೇ, ಅದೂ ಬಾಣಂತಿ ಕೋಣೆಯಲ್ಲಿ ಮೊಬೈಲಿನ ಸದ್ದು ತಗ್ಗಿಸಿಕೊಂಡು. ಅವಳ ಅಭಿಪ್ರಾಯವನ್ನು ಇಬ್ಬರೂ ಕೇಳುತ್ತಾರೆ. ಅಪ್ಪ ಕೇಳಿದರೆ "ನಿನ್ನದೇ ಸರಿ ಬಿಡಪ್ಪ" ಎನ್ನುತ್ತಾಳೆ, ಮಾವ ಕೇಳಿದರೆ "ನೀವು ಹೇಳಿದ್ದೇ ಸರಿ ಮಾವ" ಎನ್ನುತ್ತಾಳೆ. ಇಬ್ಬರೂ ಪುಸ್ತಕದಲ್ಲಿ ಒಂದು ಓಟು ಬರೆದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಆ ವರ್ಷದ ದೊಡ್ಡ ನಟನೆ ‘777 ಚಾರ್ಲಿ’ಯ ನಾಯಿಯದು. ನನ್ನ ಓಟನ್ನು ಯಾರೂ ಕೇಳಲಿಲ್ಲ.

ಆ ದಿನ ಪಟ್ಟಿ ಮೂರನೇ ನಂಬರ್ ದಾಟಲಿಲ್ಲ. ಯಾವ ವರ್ಷವೂ ದಾಟಿದ್ದಿಲ್ಲ. ಮೂರರ ಹತ್ತಿರ ಬಂದಾಗ ಯಾರಾದರೂ ಒಬ್ಬರು, "ಈಗಿನ ಸಿನಿಮಾಗಳ ಮಾತು ಬಿಡಿ, 1972 ನೆನಸ್ಕೊಳ್ಳಿ" ಎನ್ನುತ್ತಾರೆ. ಅಲ್ಲಿಗೆ ಆ ವರ್ಷ ಮುಗಿಯಿತು. 1972ರಲ್ಲಿ ಎರಡೇ ಸಿನಿಮಾ, ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’. ರಾಯದುರ್ಗದವರು ‘ನಾಗರಹಾವು’ ಪಕ್ಷ. ಚಿತ್ರದುರ್ಗದ ಕೋಟೆ ನಮ್ಮ ನೆರೆಯದು, ಕಲ್ಲೂ ಅದೇ, ಬಿಸಿಲೂ ಅದೇ, ಆ ರಾಮಾಚಾರಿಯಂಥ ಹುಡುಗರು ನಮ್ಮ ಬೆಟ್ಟದ ಮೇಲೂ ಓಡಾಡಿದ್ದಾರೆ, ತೆಲುಗಿನವರು ಅದನ್ನೇ ‘ಕೋಡೆ ನಾಗು’ ಅಂತ ಮಾಡಿಕೊಂಡು ಶೋಭನ್ ಬಾಬು ಅವರನ್ನು ಹಾಕಿದರು, ವಿಷ್ಣುವರ್ಧನನ ಕಣ್ಣು ಎಲ್ಲಿಂದ ತರುತ್ತಾರೆ ಎಂಬುದು ಅವರ ವಾದ. ಕಣ್ಣಿನ ಮಾತು ಬಂದಾಗ ಮೇಷ್ಟರು ನೀಲಕಂಠಾಪುರ ನೆನಪಿಸಲು ನೋಡುತ್ತಾರೆ, ಇವರು ಬಿಡುವುದಿಲ್ಲ.

ಮೇಷ್ಟರಿಗೆ ‘ನಾಗರಹಾವು’ ಮೇಲೆ ವೃತ್ತಿಯ ತಕರಾರಿದೆ. ಚಾಮಯ್ಯ ಮೇಷ್ಟ್ರು ಒಳ್ಳೆಯವರೇ, ಅಶ್ವಥ್ ಅದ್ಭುತವೇ, ಆದರೆ ಮೇಷ್ಟರ ಮಾತು ಕೇಳಿ ಶಿಷ್ಯ ಹಾಳಾದ ಕಥೆಗೆ ನೀತಿಯಲ್ಲಿ ಎಷ್ಟು ಮಾರ್ಕ್ಸ್ ಹಾಕುವುದು? ಮೇಲಾಗಿ ಅದು ತೆರೆಗೆ ಬಂದದ್ದು ಡಿಸೆಂಬರ್ ಕೊನೆಗೆ. ಜನ ನೋಡಿದ್ದೆಲ್ಲ 1973ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ‘ಬಂಗಾರದ ಮನುಷ್ಯ’ದ ಎದುರು ಅದನ್ನು ಇಡುವುದೇ ತಪ್ಪು. ಓದಿದ ಹುಡುಗ ಹಳ್ಳಿಗೆ ಬಂದು, ಬಂಡೆ ಒಡೆದು, ಬರಡು ನೆಲದಲ್ಲಿ ಬೆಳೆ ತೆಗೆಯುವುದನ್ನು ಹೇಳುವಾಗ ಮೇಷ್ಟರ ದನಿ ಕಟ್ಟುತ್ತದೆ. ಅವರ ಹೊಲದಲ್ಲಿ ಕೊರೆಸಿದ ಬೋರುಗಳಲ್ಲಿ ದೂಳು ಬಿಟ್ಟು ಬೇರೇನೂ ಬಂದಿಲ್ಲ. "ರಾಜೀವನ ಜಮೀನು ನಮ್ಮ ಕಡೆ ಇದ್ದಿದ್ದರೆ ಇಂಟರ್‌ವೆಲ್‌ಗೇ ಮನೆ ಬಿಟ್ಟು ಹೋಗಿರೋನು" ಎಂದು ರಾಯದುರ್ಗದವರು ಹೇಳಿದ್ದು ಮಾತ್ರ ಅತಿಯಾಯಿತು. ಆ ಸಲ ಬೀಗರು ಒಬ್ಬಟ್ಟು ತಿನ್ನದೆ ಎದ್ದರು.

ಇವರ ತಕರಾರಿಗೆ ಹೊಸ ಜೀವ ಕೊಟ್ಟದ್ದು ಕೇಂದ್ರ ಸರ್ಕಾರ. ರಾಷ್ಟ್ರಪ್ರಶಸ್ತಿಯವರು ವರ್ಷ ಲೆಕ್ಕ ಹಾಕುವುದು ಸೆನ್ಸಾರ್ ಪತ್ರದ ತಾರೀಖಿನಿಂದ. 2023ರ ಆಗಸ್ಟಿನಲ್ಲಿ ಪ್ರಶಸ್ತಿ ಪ್ರಕಟವಾದಾಗ ‘ಆರ್‌ಆರ್‌ಆರ್’ ಜನಪ್ರಿಯ ಚಿತ್ರವೆಂದೂ ‘777 ಚಾರ್ಲಿ’ ಶ್ರೇಷ್ಠ ಕನ್ನಡ ಚಿತ್ರವೆಂದೂ ಬಂತು. ಆದರೆ ಎರಡೂ 2021ರ ಸಾಲಿನಲ್ಲಿ! 2022ರಲ್ಲಿ ಟಿಕೆಟ್ ತಗೊಂಡು ನೋಡಿದ್ದು ಹಿಂದಿನ ವರ್ಷಕ್ಕೆ ಹೇಗೆ ಹೋಯಿತು? ರಾಯದುರ್ಗದ ಬೀಗರು ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದು, 2021ರ ಪುಟದಲ್ಲಿ "ತಡವಾಗಿ ಬಂದ ಮಾಲು" ಎಂದು ಬರೆದುಕೊಂಡರು. ಅಲ್ಲಿ ಮೊದಲೇ ‘ಪುಷ್ಪ’, ‘ಗರುಡ ಗಮನ ವೃಷಭ ವಾಹನ’ ಇದ್ದವು. ಜಾಗ ಮಾಡಲು ‘ಅಖಂಡ’ವನ್ನು ಕೆಳಗಿಳಿಸಬೇಕಾಯಿತು. ಹಿಂದೂಪುರದಿಂದ ಅದೇ ರಾತ್ರಿ ಫೋನು ಬಂತು.

ಮರುವರ್ಷ, 2024ರ ಆಗಸ್ಟಿನಲ್ಲಿ, ನಿಜವಾದ 2022ರ ಪ್ರಶಸ್ತಿ ಬಂದಾಗ ಇಬ್ಬರೂ ಗೆದ್ದರು. ‘ಕಾಂತಾರ’ಕ್ಕೆ ಜನಪ್ರಿಯ ಚಿತ್ರದ ಪ್ರಶಸ್ತಿ, ರಿಷಬ್ ಶೆಟ್ಟಿಗೆ ಶ್ರೇಷ್ಠ ನಟ. ಶ್ರೇಷ್ಠ ಕನ್ನಡ ಚಿತ್ರ ‘ಕೆ.ಜಿ.ಎಫ್ 2’. ತೆಲುಗಿನಲ್ಲಿ ‘ಕಾರ್ತಿಕೇಯ 2’. ಎರಡೂ ಊರಲ್ಲಿ ಚಹಾ ಕೊಡಿಸಿದ್ದಾಯಿತು. ಆಮೇಲೆ ಯಾರೋ ಕೇಳಿದರು, "ಇದೆಲ್ಲಾ ಸರಿ, ಎಲ್ಲಕ್ಕಿಂತ ಮೇಲಿನದು ಯಾವುದು ಮೇಷ್ಟ್ರೇ?" ಮೇಲಿನದು ‘ಆಟ್ಟಂ’ ಅಂತೆ, ಮಲಯಾಳಂ. ಥಿಯೇಟರಿಗೆ ಬಂದದ್ದೇ 2024ರ ಜನವರಿಯಲ್ಲಿ. ಪೀಸ್ ಪುಸ್ತಕದಲ್ಲೂ ಇಲ್ಲ, ಮಾರ್ಕ್ಸ್ ಹಾಳೆಯಲ್ಲೂ ಇಲ್ಲ.

ದಸರೆಗೆ ರಾಯದುರ್ಗದವರು ಮಗಳ ಮನೆಗೆ ಬಂದಾಗ ಅಳಿಯ ಟಿವಿಯಲ್ಲಿ ಅದನ್ನು ಹಾಕಿಕೊಟ್ಟ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಮೇಷ್ಟರು ಕನ್ನಡದಲ್ಲಿ ಹೇಳುತ್ತಾ ಹೋದರು. ನಾಟಕ ತಂಡದ ಒಬ್ಬಳೇ ಹೆಣ್ಣುಮಗಳು ತನಗಾದ ಅನ್ಯಾಯವನ್ನು ಹೇಳಿಕೊಳ್ಳುತ್ತಾಳೆ. ತಂಡದ ಹನ್ನೆರಡು ಗಂಡಸರು ಒಂದು ಮನೆಯಲ್ಲಿ ಸೇರಿ ಅದನ್ನು ಚರ್ಚಿಸುತ್ತಾರೆ. ಚರ್ಚಿಸುತ್ತಾರೆ, ಮಾತು ಬದಲಿಸುತ್ತಾರೆ, ಮತ್ತೆ ಚರ್ಚಿಸುತ್ತಾರೆ. ಬಾಗಿಲಿಗೆ ಒರಗಿ ನಿಂತ ಸೊಸೆ ಟಿವಿ ನೋಡುತ್ತಿದ್ದದ್ದಕ್ಕಿಂತ ಇವರಿಬ್ಬರನ್ನು ನೋಡುತ್ತಿದ್ದದ್ದೇ ಹೆಚ್ಚು.

ಮುಗಿದ ಮೇಲೆ ರಾಯದುರ್ಗದವರು ಆಲ್ಟರ್ ಕಾಲಂನಲ್ಲಿ ಗುರುತು ಹಾಕಿದರು. ಮೇಷ್ಟರು ಕನ್ನಡಕ ತೆಗೆದು ಒರೆಸಿ, 100ಕ್ಕೆ 52 ಹಾಕಿ, ಪಕ್ಕದಲ್ಲಿ ಷರಾ ಬರೆದರು: "ಗಂಡಸರ ಮಾತು ಜಾಸ್ತಿ. ತೀರ್ಮಾನಕ್ಕೆ ಬರುವುದನ್ನು ಇನ್ನೂ ಕಲಿಯಬೇಕು."

"ಅದಕ್ಕೇ ನೋಡಿ," ಎಂದರು ರಾಯದುರ್ಗದವರು, "ತಪ್ಪು ತಿಳ್ಕಾಬೇಡಿ ಬೀಗರೇ, ಐವತ್ತೆರಡು ಜಾಸ್ತಿಯಾಯ್ತು."