ಏಳು ಆರಾದ ಕತೆ

ಕಂಪ್ಯೂಟರ್ ಏಳದಿದ್ದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಫಾರ್ಮ್ಯಾಟ್ ಹೊಡೀಬೇಕು. ಮೌಸ್ ಓಡದಿದ್ದರೂ ಅದೇ, ಪ್ರಿಂಟರ್ ಕಾಗದ ನುಂಗಿದರೂ ಅದೇ. ದಾವಣಗೆರೆಯ ನಮ್ಮ ಅಕ್ಕನ ಮನೆಯ ಕಂಪ್ಯೂಟರಿಗೂ ರಿಪೇರಿ ಅಂಗಡಿಯ ಹುಡುಗ ಪ್ಲಗ್ ಕೂಡ ಹಾಕದೆ ಇದೇ ತೀರ್ಪು ಕೊಟ್ಟಿದ್ದ. ಅದರಲ್ಲಿ ಮಗಳ ಮದುವೆಯ ಫೋಟೋಗಳಿದ್ದವು, ಭಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕಪತ್ರವಿತ್ತು. ಭಾವನದು ಮೊಳೆ, ಚಿಲಕ, ಪೈಪಿನ ಹಾರ್ಡ್‌ವೇರ್. "ನೀನೇ ಬಂದು ನೋಡೋ, ಫೋಟೋ ಹೋದ್ರೆ ಬೀಗರಿಗೆ ಏನಂತ ಹೇಳ್ಲಿ" ಎಂದು ಅಕ್ಕ ಫೋನಿನಲ್ಲಿ ಅಳುವುದೊಂದು ಬಾಕಿ.

ಹೋಗಿ ಬಟನ್ ಒತ್ತಿದೆ. ಫ್ಯಾನ್ ಸದ್ದು ಮಾಡಿತು. ಕಪ್ಪು ಪರದೆಯ ನೆತ್ತಿಯಲ್ಲಿ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ, ಅಂಥ ಪಾರ್ಟಿಷನ್ ಇಲ್ಲ ಎಂಬ ಒಂದು ಸಾಲು. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ', ಪಕ್ಕದಲ್ಲಿ ಮಿಣುಕುವ ಗೆರೆ. ನನಗೆ ಸಮಾಧಾನವಾಯಿತು. ದೂರು ಹೇಳಿಕೊಳ್ಳುವಷ್ಟು ಜೀವವಿರುವ ಯಂತ್ರ ಸತ್ತಿರುವುದಿಲ್ಲ.

"ಏನು ಮಾಡಿದ್ಯೋ?" ಎಂದು ಸೋದರಳಿಯನನ್ನು ಕೇಳಿದೆ.

"ಏನೂ ಮಾಡಿಲ್ಲ ಮಾವ."

ಎಂಜಿನಿಯರಿಂಗ್ ಓದುವ ಹುಡುಗರ 'ಏನೂ ಇಲ್ಲ'ವನ್ನು ಬಿಡಿಸಲು ತಾಳ್ಮೆ ಬೇಕು. ಮನೆಯಲ್ಲಿ ವಿಂಡೋಸ್ ಮೊದಲಿನಿಂದ ಇತ್ತು. ಹ್ಯಾಕರ್ ಸಿನಿಮಾ ಒಂದನ್ನು ನೋಡಿ ಬಂದವನು ಕಾಲಿ ಲಿನಕ್ಸ್ ಹಾಕಿದ. ಮೊದಲು ಉಬುಂಟು ಕಲಿಯೋ ಎಂದು ಸೀನಿಯರ್ ಬೈದದ್ದಕ್ಕೆ ಆ ಲಿನಕ್ಸನ್ನೂ ಹಾಕಿದ. ಆಮೇಲೆ ಯಾವುದೋ ಗೇಮಿಗೆ ಜಾಗ ಸಾಲದೆ, ವಿಂಡೋಸಿನಲ್ಲಿ ಕೂತು ಕಾಲಿಯನ್ನು ಅಳಿಸಿದ. ಅಷ್ಟೇ, ಏನೂ ಮಾಡಿಲ್ಲ.

ಆ ಹಳೆಯ ಬಗೆಯ ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್, ಅಂದರೆ ಮುಖ್ಯ ಪಾಲು, ನಾಲ್ಕೇ. ಅದಕ್ಕಿಂತ ಹೆಚ್ಚು ಬೇಕಾದರೆ ಒಂದರೊಳಗೆ ಒಳಭಾಗ ಮಾಡಿಕೊಳ್ಳಬೇಕು, ಅವುಗಳ ನಂಬರು ಐದರಿಂದ ಶುರು. ಇಲ್ಲಿ ಐದು ಭಾವನ ಲೆಕ್ಕ, ಆರು ಕಾಲಿ, ಏಳು ಉಬುಂಟು. ಆರು ಹೋದೊಡನೆ ಏಳು ಸದ್ದಿಲ್ಲದೆ ಆರಾಯಿತು. ಬಟನ್ ಒತ್ತಿದಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳಿ ಎಬ್ಬಿಸಲು ಬಾಗಿಲಲ್ಲಿ ಕೂತಿರುವ ಗ್ರಬ್‌ಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಏಳನೆಯದನ್ನು ಹುಡುಕಿ, ಸಿಗದೆ, ಕೈಚೆಲ್ಲಿ ನಿಂತಿತ್ತು.

ಅದನ್ನು ಬೈಯುವಂತಿಲ್ಲ. ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟುಗಳಲ್ಲಿ ಬೂಟ್ ಕೋಡಿಗೆ ಸಿಗುವುದು 446. ಯೂನಿಕೋಡ್ ಕನ್ನಡಕ್ಕೆ ಸಾಮಾನ್ಯವಾಗಿ ಚಿಹ್ನೆಯೊಂದಕ್ಕೆ ಮೂರು ಬೈಟು ಬೇಕು. ಆ ಲೆಕ್ಕದಲ್ಲಿ ನಮ್ಮ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಹೆಸರೂ ಅಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಗ್ರಬ್ ತನ್ನ ತಲೆಯನ್ನಷ್ಟೇ ಮುಂದಿಟ್ಟು ಮೈಯನ್ನು ಲಿನಕ್ಸಿನ ಪಾರ್ಟಿಷನ್ನಿನಲ್ಲಿ ಇಟ್ಟುಕೊಂಡಿರುತ್ತದೆ. ಇದರ ಹುಟ್ಟೂ ಸ್ವಾರಸ್ಯದ್ದು. 1995ರಲ್ಲಿ ಎರಿಕ್ ಬೋಲಿನ್ ಇದನ್ನು ಬರೆಯತೊಡಗಿದ್ದು ಗ್ನೂ ಹರ್ಡ್ ಎಂಬ ವ್ಯವಸ್ಥೆಯನ್ನು ಎಬ್ಬಿಸಲು. ಹರ್ಡ್ ಇವತ್ತಿಗೂ 1.0 ಆವೃತ್ತಿ ಕಂಡಿಲ್ಲ. ಮದುಮಗ ಮಂಟಪಕ್ಕೆ ಬರಲೇ ಇಲ್ಲ, ಅವನಿಗೆಂದು ಕರೆಸಿದ ಓಲಗದವರು ಮಾತ್ರ ಕಂಡವರ ಮದುವೆಯಲ್ಲೆಲ್ಲ ಊದುತ್ತಿದ್ದಾರೆ.

ನಾನು ಕೀಬೋರ್ಡ್ ಎಳೆದುಕೊಳ್ಳುವಷ್ಟರಲ್ಲಿ ಭಾವ ಅಂಗಡಿಯಿಂದ ಬಗೆಬಗೆಯ ಸ್ಕ್ರೂಡ್ರೈವರ್ ಹಿಡಿದು ಬಂದರು.

"ಬಿಚ್ಚೋದಿಲ್ಲ ಭಾವ."

"ಬಿಚ್ಚದೆ ಎಂಥ ರಿಪೇರಿ?"

ರೆಸ್ಕ್ಯೂ ಸ್ಥಿತಿಯಲ್ಲಿ ಗ್ರಬ್‌ಗೆ ತಿಳಿಯುವುದು ನಾಲ್ಕೇ ಆಜ್ಞೆ. ತೋರಿಸು ಎಂದೆ, ಪಾರ್ಟಿಷನ್ನುಗಳ ಸಾಲು ಬಂತು. ಐದರಲ್ಲಿ ಏನಿದೆ? ಈ ಫೈಲ್ ಸಿಸ್ಟಮ್ ಗೊತ್ತಿಲ್ಲ. ಆರರಲ್ಲಿ? ಬೂಟ್, ಹೋಮ್, ಯೂಸರ್ ಎಂದು ಫೋಲ್ಡರುಗಳ ಹೆಸರು ಉದುರಿದವು. ನಿನ್ನ ಜಾಗ ಇನ್ನು ಆರು ಎಂದು ಟೈಪ್ ಮಾಡಿ, 'ನಾರ್ಮಲ್' ಎಂಬ ಮಾಡ್ಯೂಲನ್ನು ತುಂಬಿಸಿಕೊಳ್ಳಲು ಹೇಳಿ, ಆಮೇಲೆ ಬರೀ ನಾರ್ಮಲ್ ಎಂದು ಒತ್ತಿದೆ. ಮೆನು ಮೂಡಿತು. ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಂದಿಟ್ಟಳು. ಭಾವ ಮಾತ್ರ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. ಒಂದಾದರೂ ಸ್ಕ್ರೂ ಸಡಿಲ ಇರಬಹುದೆಂಬ ಆಸೆ.

ಇಷ್ಟು ಒಂದು ಸಲಕ್ಕೆ ಮಾತ್ರ. ಉಬುಂಟುವಿನೊಳಗೆ ಹೋಗಿ ಗ್ರಬ್ಬನ್ನು ಹೊಸದಾಗಿ ಕೂರಿಸದಿದ್ದರೆ ಮುಂದಿನ ಸಲ ಅದು ಮತ್ತೆ ಏಳನ್ನೇ ಹುಡುಕುತ್ತದೆ. ಆ ಕೆಲಸಕ್ಕೆ ಹಿಡಿದದ್ದು ಒಂದು ಲೋಟ ಟೀ ಕುಡಿಯುವ ಹೊತ್ತು. ಹೊತ್ತು ಹಿಡಿದದ್ದು ಅಕ್ಕನದು. ಫೋಟೋಗಳೆಲ್ಲ ಇವೆಯೇ ಎಂದು ಅರಿಶಿನ ಶಾಸ್ತ್ರದಿಂದ ಶುರುಮಾಡಿ ಒಂದೊಂದೇ ನೋಡಿದಳು, ಬಂದವರ ಸೀರೆಗಳ ಬಗ್ಗೆ ಅಭಿಪ್ರಾಯ ಹೇಳುತ್ತ. ಕಳುಹಿಸುವ ಶಾಸ್ತ್ರಕ್ಕೆ ಬರುವಷ್ಟರಲ್ಲಿ ನಡುರಾತ್ರಿ ದಾಟಿತ್ತು.

ಕೊನೆಗೆ ಭಾವನಿಗಾಗಿ ವಿಂಡೋಸ್ ತೆರೆದೆ. ಗೋಡೆಯ ಗಡಿಯಾರ ಹನ್ನೆರಡೂವರೆ ಎನ್ನುತ್ತಿತ್ತು, ಪರದೆಯ ಮೂಲೆ ಸಂಜೆ ಏಳು ಎನ್ನುತ್ತಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿ ಉಬುಂಟು ಬರೆದಿಡುವುದು ಯುಟಿಸಿ, ಅಂದರೆ ವಿಶ್ವಕಾಲ; ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ನಮ್ಮ ದೇಶದಲ್ಲಿ ನಡುವಿನ ಅಂತರ ಐದೂವರೆ ಗಂಟೆ. ಸರಿಮಾಡಲು ಮೌಸ್ ಹಿಡಿದೆ.

"ತಡಿ ತಡಿ" ಎಂದರು ಭಾವ. ಅವರ ಜಿಎಸ್‌ಟಿ ರಿಟರ್ನ್ ಹಾಕಲು 20 ಕೊನೆಯ ದಿನ, ಅದು ಮುಗಿದು ಅರ್ಧ ಗಂಟೆಯಾಗಿತ್ತು. "ಇದರಲ್ಲಿ ಇನ್ನೂ 20ನೇ ತಾರೀಕೇ ಐತಲ್ಲೋ. ಈಗ ಹಾಕಿದ್ರೆ ದಂಡ ಬೀಳಲ್ಲ ಅಲ್ವಾ?"

"ಪೋರ್ಟಲ್ ಅದರದೇ ಗಡಿಯಾರ ನೋಡುತ್ತೆ ಭಾವ."

"ಅದನ್ನೂ ಸ್ವಲ್ಪ ನೋಡು ಮಾರಾಯ" ಎಂದು ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು.